ಚೆಂಡಿಲ್ಲದ ಕಡೆಯೂ ಕಾಣಬೇಕು: ಟೆನಿಸ್ ನೇರಪ್ರಸಾರ ಸೇವೆಯೊಂದರಲ್ಲಿ ನನ್ನ ಒಂದು ವರ್ಷ

ಮಹಿಳೆಯರ ಟೆನಿಸ್ ಟೂರ್ನಿಗಳನ್ನು ತೋರಿಸುವ ನೇರಪ್ರಸಾರ ಸೇವೆಯೊಂದಕ್ಕೆ ವರ್ಷದ ಚಂದಾ ಕಟ್ಟಿದ್ದೆ. ಕಟ್ಟಿದ್ದು ಡಬಲ್ಸ್ ನೋಡುವುದಕ್ಕಾಗಿ ಮಾತ್ರ. ಸಿಂಗಲ್ಸ್ ಅಭಿಮಾನಿಗಳಿಗೆ ಈ ಬರಹದಿಂದ ಹೆಚ್ಚು ಪ್ರಯೋಜನವಾಗಲಾರದು. ಅವರಿಗೆ ಬೇಕಾದದ್ದನ್ನೆಲ್ಲ ಆ ಸೇವೆ ಚೆನ್ನಾಗಿಯೇ ಕೊಡುತ್ತದೆ. ನನ್ನ ಪ್ರಶ್ನೆ ಬೇರೆ. ಡಬಲ್ಸ್ ಆಟಗಾರ್ತಿಯೊಬ್ಬಳ ಕೆಲಸ ಏನೆಂಬುದು ಅಲ್ಲಿ ಕಾಣುತ್ತದೆಯೇ?

ಕಾಲೇಜಿನ ದಿನಗಳಲ್ಲಿ ನಾನು ಡಬಲ್ಸ್ ಆಡುತ್ತಿದ್ದೆ. ನನ್ನ ಸರ್ವ್‌ನಲ್ಲಿ ಬಲವಿರಲಿಲ್ಲ, ಆದ್ದರಿಂದ ನೆಟ್ ಹತ್ತಿರ ನಿಲ್ಲುವುದನ್ನೇ ಶ್ರದ್ಧೆಯಿಂದ ಕಲಿತೆ. ಆಮೇಲೆ ಆಟ ಬಿಟ್ಟರೂ ನೋಡುವುದನ್ನು ಬಿಡಲಿಲ್ಲ. ಸಾನಿಯಾ ಮಿರ್ಜಾ ಸಿಂಗಲ್ಸ್‌ನಲ್ಲಿ 27ನೇ ರ‍್ಯಾಂಕ್‌ವರೆಗೆ ಏರಿದ್ದವರು, ಗಾಯಗಳಿಂದ ಬೇಸತ್ತು 2013ರಲ್ಲಿ ಅದನ್ನು ಬಿಟ್ಟು ಡಬಲ್ಸ್‌ಗೆ ಮಾತ್ರ ನಿಂತಾಗ, ಇನ್ನೇನು ಮುಗಿಯಿತು ಎಂದು ನನ್ನ ಸುತ್ತಲಿನವರೇ ಮಾತನಾಡಿಕೊಂಡರು. ಎರಡು ವರ್ಷ ಕಳೆಯುವಷ್ಟರಲ್ಲಿ, 2015ರ ಏಪ್ರಿಲ್‌ನಲ್ಲಿ, ಅವರು ಡಬಲ್ಸ್‌ನಲ್ಲಿ ವಿಶ್ವದ ಅಗ್ರಸ್ಥಾನಕ್ಕೇರಿದರು. ಅದೇ ವರ್ಷ ವಿಂಬಲ್ಡನ್ ಫೈನಲ್‌ನಲ್ಲಿ ಮಾರ್ಟಿನಾ ಹಿಂಗಿಸ್ ಜೊತೆಗೂಡಿ, ಮಕರೋವಾ–ವೆಸ್ನಿನಾ ಜೋಡಿಯ ಎದುರು ಮೂರನೇ ಸೆಟ್‌ನಲ್ಲಿ 2-5ರ ಹಿನ್ನಡೆಯಿಂದ ಮೇಲೆದ್ದು 7-5ರಲ್ಲಿ ಗೆದ್ದರು. ಅಂದಿನಿಂದ, ಡಬಲ್ಸ್ ಎಂದರೆ ಸಿಂಗಲ್ಸ್ ಆಗದವರ ಆಟ ಎಂದು ಯಾರಾದರೂ ಅಂದರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ.

ಸೇವೆಯ ವಿಷಯಕ್ಕೆ ಬರುತ್ತೇನೆ. ಮುಖ್ಯ ಅಂಕಣದ ಪ್ರಸಾರದಲ್ಲಿ ಕ್ಯಾಮೆರಾಗಳು ಹಲವು, ವೀಕ್ಷಕ ವಿವರಣೆ ಇದೆ, ಚಿತ್ರ ಬಹಳ ಸ್ಪಷ್ಟ. ಪಕ್ಕದ ಸಣ್ಣ ಅಂಕಣಗಳಿಗೆ ಒಂದೇ ಕ್ಯಾಮೆರಾ. ಅಂಕಣದ ತುದಿಯ ಗೆರೆಯಾದ ಬೇಸ್‌ಲೈನ್‌ನ ಹಿಂದೆ ಎತ್ತರದಲ್ಲಿ ಕೂರಿಸಿರುತ್ತಾರೆ. ಅದು ಅಲುಗುವುದಿಲ್ಲ, ಯಾರ ಮುಖವನ್ನೂ ಹತ್ತಿರಕ್ಕೆ ತರುವುದಿಲ್ಲ, ವಿವರಣೆಯೂ ಇಲ್ಲ. ಮೊದಲ ವಾರ ನನಗೆ ಇದು ಮೋಸವೆನಿಸಿತು. ಡಬಲ್ಸ್‌ನ ಆರಂಭದ ಸುತ್ತುಗಳೆಲ್ಲ ಅಲ್ಲೇ ನಡೆಯುತ್ತವೆ. ಡಬಲ್ಸ್‌ಗೆ ಇಷ್ಟು ಸಾಕು ಎಂದು ಯಾರೋ ತೀರ್ಮಾನಿಸಿದ ಹಾಗಿತ್ತು. ತಿಂಗಳು ಕಳೆಯುವಷ್ಟರಲ್ಲಿ ನನ್ನ ಅಭಿಪ್ರಾಯ ಪೂರ್ತಿ ತಿರುಗಿತು. ಈಗ ಆಯ್ಕೆ ಕೊಟ್ಟರೆ ಆ ಅಲುಗಾಡದ ಕ್ಯಾಮೆರಾವನ್ನೇ ಕೇಳುತ್ತೇನೆ.

ಕಾರಣ ಹೇಳುತ್ತೇನೆ. ಅಲ್ಲಿ ನಾಲ್ವರೂ ಸದಾ ಕಾಣುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಕ್ಯಾಮೆರಾದ ಕಡೆಯ ಜೋಡಿ ಸರ್ವ್ ಮಾಡುವಾಗ ನೆಟ್ ಬಳಿ ನಿಂತವಳ ಬೆನ್ನು ನಮ್ಮ ಕಡೆಗಿರುತ್ತದೆ. ಎದುರಾಳಿಗೆ ಕಾಣದಂತೆ ಅವಳು ಬೆನ್ನ ಹಿಂದೆ ತೋರಿಸುವ ಕೈಸನ್ನೆ ನಮಗೆ ಕಾಣುತ್ತದೆ! ಜೋಡಿಯಿಂದ ಜೋಡಿಗೆ ಸನ್ನೆಯ ಅರ್ಥ ಬೇರೆ. ಸಾಮಾನ್ಯವಾಗಿ ಸರ್ವ್ ಎತ್ತ ಬೀಳಬೇಕು, ಮರಳಿ ಬರುವ ಚೆಂಡನ್ನು ತಡೆಯಲು ತಾನು ಅಡ್ಡ ಓಡುತ್ತೇನೆಯೇ ನಿಂತಲ್ಲೇ ಇರುತ್ತೇನೆಯೇ ಎಂಬೆರಡನ್ನು ಅದು ಹೇಳುತ್ತದೆ.

ಎರಡನೇ ಸುತ್ತಿನ ಪಂದ್ಯವೊಂದರ ಎರಡು ಪಾಯಿಂಟ್‌ಗಳನ್ನು ನಾನು ಎಷ್ಟು ಸಲ ಹಿಂದಕ್ಕೆ ಓಡಿಸಿ ನೋಡಿದೆನೋ ಲೆಕ್ಕವಿಲ್ಲ. ಮೊದಲನೆಯದರಲ್ಲಿ ನೆಟ್‌ನವಳು ಬೆನ್ನ ಹಿಂದೆ ಒಂದು ಬೆರಳು ತೋರಿಸಿ, ಆಮೇಲೆ ಅಂಗೈ ಬಿಡಿಸಿದಳು. ಸರ್ವ್ ನಡುಗೆರೆಯ ಹತ್ತಿರ ಬಿತ್ತು. ಎದುರಿನವಳ ರ‍್ಯಾಕೆಟ್ ಮುಂದೆ ಬರುವ ಕ್ಷಣಕ್ಕೆ ಸರಿಯಾಗಿ ಇವಳು ಪುಟ್ಟದಾಗಿ ನೆಗೆದು ಅಡ್ಡ ಹಾಯ್ದಳು. ಚೆಂಡು ನೆಲಕ್ಕೆ ತಾಗುವ ಮೊದಲೇ ಇವಳು ಹೊಡೆದ ವಾಲಿ ಎದುರಾಳಿಯ ಪಾದದ ಬಳಿ ಬಿತ್ತು. ಮುಂದಿನ ಪಾಯಿಂಟ್‌ಗೂ ಅದೇ ಸನ್ನೆ. ಸರ್ವ್ ಮಾಡುವವಳು ಬೇಡವೆಂದಳು. ಇವಳು ಮುಷ್ಟಿ ಬಿಗಿದು ತೋರಿಸಿದಳು. ಸರ್ವ್ ಆದ ಮೇಲೆ ಒಳಗಡೆಗೆ ಭುಜವನ್ನಷ್ಟೇ ವಾಲಿಸಿದಳು, ಕಾಲು ಕದಲಲಿಲ್ಲ. ಇವಳು ಮತ್ತೆ ಅಡ್ಡ ಓಡುತ್ತಾಳೆಂದು ನಂಬಿದ ಎದುರಾಳಿ, ಇವಳು ಬಿಟ್ಟುಹೋಗುವ ಜಾಗ ಹುಡುಕಿ ಗೆರೆಯುದ್ದಕ್ಕೆ ಹೊಡೆದಳು. ಚೆಂಡು ಅಂಕಣದ ಹೊರಗೆ ಬಿತ್ತು.

ಆ ಎರಡನೇ ಪಾಯಿಂಟ್‌ನಲ್ಲಿ ಇವಳ ರ‍್ಯಾಕೆಟ್‌ಗೆ ಚೆಂಡು ತಾಗಲೇ ಇಲ್ಲ. ಪಂದ್ಯದ ಅಂಕಿಅಂಶಗಳ ಪುಟ ತೆರೆದರೆ ಇವಳ ಹೆಸರಿನ ಮುಂದೆ ಏನೂ ಇಲ್ಲ. ಏಸ್, ಡಬಲ್ ಫಾಲ್ಟ್, ಗೆದ್ದ ಸರ್ವ್‌ಗಳ ಶೇಕಡಾವಾರು ಎಲ್ಲವೂ ಜೋಡಿಯ ಲೆಕ್ಕ. ಯಾರು ಏನು ಮಾಡಿದರೆಂಬುದಿಲ್ಲ. ವರ್ಷಗಟ್ಟಲೆ ಇಂಥ ಕೆಲಸದಿಂದಲೇ ಜೀವನ ನಡೆಸುವ ಆಟಗಾರ್ತಿಗೆ ಇದು ಅನ್ಯಾಯ ಎಂದು ನನಗೆ ಅನ್ನಿಸುತ್ತದೆ. ಆ ಪುಟವನ್ನು ತಿದ್ದಲೇಬೇಕು.

ಅದಕ್ಕಿಂತ ದೊಡ್ಡ ಕುಂದು ಹುಡುಕಾಟದ್ದು. ಆಟಗಾರ್ತಿಯ ಹೆಸರು ಹಾಕಿದರೆ ಮೊದಲು ಬರುವುದು ಅವಳ ಸಿಂಗಲ್ಸ್ ಪಂದ್ಯಗಳು. ಡಬಲ್ಸ್ ಮಾತ್ರ ಆಡುವವಳಾದರೆ ಹಲವು ಸಲ ‘ಪಂದ್ಯಗಳಿಲ್ಲ’ ಎಂದೇ ಬಂದಿದೆ. ಅಂದು ಜೊತೆಗೆ ಆಡಿದವಳ ಹೆಸರು ಗೊತ್ತಿದ್ದರೆ ಮಾತ್ರ ದಾರಿ. ಆದರೆ ಈ ವೃತ್ತಿಯಲ್ಲಿ ಜೊತೆಗಾರ್ತಿ ಬದಲಾಗುತ್ತಲೇ ಇರುತ್ತಾಳೆ. ಟೂರ್ನಿಗೆ ಪ್ರವೇಶ ಸಿಗುವುದು ಇಬ್ಬರ ರ‍್ಯಾಂಕಿಂಗ್ ಕೂಡಿಸಿದ ಲೆಕ್ಕದ ಮೇಲೆ. ಒಬ್ಬಳಿಗೆ ಗಾಯವಾದರೆ ಇನ್ನೊಬ್ಬಳು ಆ ವಾರವೇ ಬೇರೆ ಜೊತೆ ಹುಡುಕಬೇಕು. ತೈವಾನ್‌ನ ಆಟಗಾರ್ತಿ ಶೆ ಸು-ವೇ ಅವರನ್ನೇ ನೋಡಿ: ವಿಂಬಲ್ಡನ್ ಡಬಲ್ಸ್ ಅನ್ನು ನಾಲ್ಕು ಸಲ ಗೆದ್ದದ್ದು ಮೂವರು ಜೊತೆಗಾರ್ತಿಯರೊಂದಿಗೆ, 2013ರಲ್ಲಿ ಪೆಂಗ್ ಶುವಾಯಿ, 2019 ಮತ್ತು 2023ರಲ್ಲಿ ಸ್ಟ್ರಿಕೋವಾ, 2021ರಲ್ಲಿ ಮೆರ್ಟನ್ಸ್. ಇಂಥವರ ವೃತ್ತಿಜೀವನವನ್ನು ಒಂದೇ ಎಳೆಯಲ್ಲಿ ನೋಡುವ ದಾರಿ ಈ ಸೇವೆಯಲ್ಲಿಲ್ಲ. ನಾನು ನೋಟ್ ಪುಸ್ತಕದಲ್ಲಿ ಜೋಡಿಗಳನ್ನು ಬರೆದಿಟ್ಟುಕೊಂಡು ಹುಡುಕುತ್ತೇನೆ.

ಹಳೆಯ ಪಂದ್ಯಗಳ ಸಂಗ್ರಹವೂ ಬಡವಾಗಿದೆ. ಅಮೆರಿಕದ ಲೀಸಾ ರೇಮಂಡ್ 79 ಡಬಲ್ಸ್ ಪ್ರಶಸ್ತಿ ಗೆದ್ದವರು. ಅವರ ಒಂದು ಪಂದ್ಯವೂ ನನಗೆ ಅಲ್ಲಿ ಸಿಗಲಿಲ್ಲ. ಒಂದು ಕಾಲದಲ್ಲಿ ಅಗ್ರಸ್ಥಾನದಲ್ಲಿದ್ದ ಕಾರಾ ಬ್ಲ್ಯಾಕ್–ಲೀಜೆಲ್ ಹ್ಯೂಬರ್ ಜೋಡಿಯದೂ ಇಲ್ಲ. ಗ್ರ್ಯಾಂಡ್‌ಸ್ಲಾಮ್‌ಗಳು ಈ ಚಂದಾದಲ್ಲಿ ಬರುವುದಿಲ್ಲ, ಅವುಗಳ ಪ್ರಸಾರದ ಹಕ್ಕು ಬೇರೆಯೇ. ಇದನ್ನು ಸೇವೆಯ ತಪ್ಪೆಂದು ಹೇಳಲಾರೆ, ಚಂದಾ ಕಟ್ಟುವವರಿಗೆ ಗೊತ್ತಿರಲಿ.

ವೇಳಾಪಟ್ಟಿಯ ಬಗ್ಗೆ ನನಗೆ ಸಿಟ್ಟಿದೆ. ಡಬಲ್ಸ್ ಪಂದ್ಯ ಸಿಂಗಲ್ಸ್ ಮುಗಿದ ಮೇಲೆ ಶುರುವಾಗುತ್ತದೆ. ಮಳೆ ಬಂದರೆ, ಸಿಂಗಲ್ಸ್ ಎಳೆದರೆ ಅಂಕಣವೇ ಬದಲಾಗುತ್ತದೆ. ಅದು ಆಟದ ಸಹಜ ರೀತಿ. ಆದರೆ ಅಂಕಣ ಬದಲಾದದ್ದನ್ನು ಆ್ಯಪ್ ತಿಳಿಸುವುದಿಲ್ಲ. ಒಂದು ಸೆಮಿಫೈನಲ್‌ನಲ್ಲಿ ಖಾಲಿ ಅಂಕಣವನ್ನು ನೋಡುತ್ತಾ ಕುಳಿತಿದ್ದೆ. ಪಂದ್ಯ ಪಕ್ಕದ ಅಂಕಣದಲ್ಲಿ ನಡೆಯುತ್ತಿತ್ತು. ಹುಡುಕಿ ತಲುಪುವಾಗ ನಿರ್ಣಾಯಕ ಟೈಬ್ರೇಕ್‌ನಲ್ಲಿ ಸ್ಕೋರು 8-6. ಈ ಟೂರ್ನಿಗಳ ಡಬಲ್ಸ್‌ನಲ್ಲಿ ಮೂರನೇ ಸೆಟ್ ಇಲ್ಲ, ಅದರ ಬದಲು ಹತ್ತು ಪಾಯಿಂಟ್‌ಗಳ ಟೈಬ್ರೇಕ್. ಗೇಮ್‌ನಲ್ಲಿ 40-40 ಆದರೂ ಒಂದೇ ಪಾಯಿಂಟ್‌ನಲ್ಲಿ ತೀರ್ಮಾನ, ಯಾವ ಬದಿಯಲ್ಲಿ ಸರ್ವ್ ಎದುರಿಸುವುದೆಂದು ರಿಟರ್ನ್ ಮಾಡುವ ಜೋಡಿಯೇ ಆರಿಸುತ್ತದೆ. ಇಷ್ಟು ಬಿಗಿಯಾದ ಆಟದಲ್ಲಿ ಹತ್ತು ನಿಮಿಷ ತಪ್ಪಿಹೋದರೆ ಪಂದ್ಯವೇ ತಪ್ಪಿಹೋದಂತೆ. ಗ್ರಾಹಕ ಸೇವೆಗೆ ಬರೆದೆ. ಮೂರು ದಿನದ ನಂತರ ವಿಷಾದ ವ್ಯಕ್ತಪಡಿಸಿದ ಉತ್ತರ ಬಂತು. ಆಮೇಲೂ ಅದೇ ತೊಂದರೆ ಎರಡು ಸಲ ಆಗಿದೆ.

ಆದರೂ ಚಂದಾವನ್ನು ಮುಂದುವರಿಸಿದ್ದೇನೆ. ಡಬಲ್ಸ್ ಆಡುವವರಿಗೆ, ಕಲಿಸುವವರಿಗೆ ಆ ಒಂಟಿ ಕ್ಯಾಮೆರಾದ ಪಂದ್ಯಗಳು ಬೇರೆಲ್ಲೂ ಸಿಗದ ಪಾಠ. ಫೈನಲ್‌ಗಳನ್ನು ಮಾತ್ರ ನೋಡುವ ಆಸೆಯಿದ್ದರೆ ಈ ಚಂದಾ ಬೇಡ. ಮೊದಲ ಸುತ್ತಿನಿಂದಲೇ ನೋಡುವವರು ಹೆಡ್‌ಫೋನ್ ಹಾಕಿಕೊಳ್ಳಿ: ವಿವರಣೆಕಾರರಿಲ್ಲದ ಆ ಅಂಕಣದಲ್ಲಿ ಎತ್ತರದ ಲಾಬ್ ಬಂದಾಗ ‘ನನ್ನದು’, ‘ನಿನ್ನದು’ ಎಂದು ಇಬ್ಬರು ಕೂಗಿಕೊಳ್ಳುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಹೊಸದಾಗಿ ಜೊತೆಗೂಡಿದವರು ಸ್ವಲ್ಪ ತಡವಾಗಿ ಕೂಗುತ್ತಾರೆ.