ಮೂರು ಮಳೆಗಾಲ ಕಂಡ ಮೈಕ್ರೋಬಿಟ್

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಪ್ರೌಢಶಾಲೆಗೆ ಹತ್ತು ಮೈಕ್ರೋಬಿಟ್ ಬೋರ್ಡುಗಳು, ಅಂದರೆ ಮಕ್ಕಳಿಗೆ ಪ್ರೋಗ್ರಾಂ ಬರೆಯಲು ಕಲಿಸುವ ಅಂಗೈಯಗಲದ ಪುಟ್ಟ ಕಂಪ್ಯೂಟರುಗಳು, ಬಂದು ಮೂರು ಮಳೆಗಾಲ ಕಳೆದಿವೆ. ಬೋರ್ಡಿನ ಬಗ್ಗೆ ನನಗೆ ದೂರಿಲ್ಲ. ಅದರೊಂದಿಗೆ ಅಂಗಡಿಯವರು ಸೆಟ್ಟಿನಲ್ಲಿ ಸೇರಿಸಿ ಕೊಟ್ಟ, ತುದಿಯಲ್ಲಿ ಮೊಸಳೆ ಬಾಯಿಯಂತೆ ಕಚ್ಚಿ ಹಿಡಿಯುವ ಕ್ರೊಕೊಡೈಲ್ ಕ್ಲಿಪ್ ಇರುವ ತಂತಿಗಳ ಮೇಲಿನ ಬೇಸರಕ್ಕೇ ಇದನ್ನು ಬರೆಯುತ್ತಿದ್ದೇನೆ. ಜೂನ್‌ನಲ್ಲಿ ಹೊಳೆಯುತ್ತಿದ್ದ ಕ್ಲಿಪ್ಪುಗಳ ಹಲ್ಲಿಗೆ ಆಗಸ್ಟ್ ಹೊತ್ತಿಗೆ ತುಕ್ಕು ಹಿಡಿದಿತ್ತು; ಸೆಲ್ ಹಾಕುವ ಡಬ್ಬಿಯ ಸ್ಪ್ರಿಂಗುಗಳಲ್ಲಿ ಕಿಲುಬು ಕಟ್ಟಿತ್ತು. ವಾರಗಟ್ಟಲೆ ಬಿಸಿಲು ಕಾಣದೆ, ಗೋಡೆಗೆ ತೂಗುಹಾಕಿದ ಭೂಪಟಕ್ಕೂ ಬೂಷ್ಟು ಬರುವ ಊರಿನಲ್ಲಿ ಅಗ್ಗದ ಲೋಹ ಎಷ್ಟು ದಿನ ತಡೆದೀತು?

ತಂತಿಯ ಬೆಲೆ ಹೋದದ್ದಕ್ಕಿಂತ ದೊಡ್ಡ ನಷ್ಟವನ್ನು ನಾನು ಎಂಟನೇ ತರಗತಿಯ ಒಬ್ಬ ಹುಡುಗಿಯ ಮುಖದಲ್ಲಿ ಕಂಡೆ. ಅಡಿಕೆ ಒಣಹಾಕಿದಾಗ ಮಳೆ ಹನಿದರೆ ಎಚ್ಚರಿಸುವ ಸಾಧನ ಅವಳ ಯೋಜನೆ. ಡಬ್ಬಿಯ ಮುಚ್ಚಳದ ಮೇಲೆ ಎರಡು ಅಲ್ಯೂಮಿನಿಯಂ ಹಾಳೆಯ ಪಟ್ಟಿಗಳನ್ನು ಒಂದಕ್ಕೊಂದು ತಾಗದಂತೆ ಅಂಟಿಸಿ, ಬೋರ್ಡಿನ ಅಂಚಿನಲ್ಲಿ ತಂತಿ ಕೂಡಿಸಲು ಇರುವ ಪಿನ್ನುಗಳ ಪೈಕಿ ಒಂದನ್ನು ಸೊನ್ನೆ ಎಂದು ಬರೆದ ಪಿನ್ನಿಗೂ ಇನ್ನೊಂದನ್ನು ವಿದ್ಯುತ್ ಮರಳುವ ಗ್ರೌಂಡ್ ಪಿನ್ನಿಗೂ ಜೋಡಿಸಿದ್ದಳು. ನಡುವೆ ಹನಿ ಬಿದ್ದರೆ ಸರ್ಕಿಟ್ ಕೂಡಿಕೊಂಡು ಶಬ್ದ ಬರಬೇಕು. ಬ್ಲಾಕುಗಳನ್ನು ಜೋಡಿಸಿ ಪ್ರೋಗ್ರಾಂ ಬರೆಯುವ ಮೇಕ್‌ಕೋಡ್‌ ತಾಣದಲ್ಲಿ, ಸದಾ ನಡೆಯುತ್ತಲೇ ಇರುವ ಫಾರೆವರ್ ಬ್ಲಾಕಿನೊಳಗೆ 'ಹೀಗಾದರೆ' ಎಂದು ಕೇಳುವ ಇಫ್ ಬ್ಲಾಕ್ ಇಟ್ಟು ಬರೆದ ಪ್ರೋಗ್ರಾಂ ಪರದೆಯ ಮೇಲಿನ ಚಿತ್ರದ ಬೋರ್ಡಿನಲ್ಲಿ ಸರಿಯಾಗಿಯೇ ನಡೆಯುತ್ತಿತ್ತು, ಕೈಯಲ್ಲಿದ್ದ ಬೋರ್ಡು ಮಾತ್ರ ಸುಮ್ಮನಿತ್ತು. ನಾಲ್ಕು ಸಲ ಬ್ಲಾಕುಗಳನ್ನು ಬದಲಿಸಿ, ಕೊನೆಗೆ ಎಲ್ಲವನ್ನೂ ಅಳಿಸಿ, "ನಂಗೆ ಇದು ಬರಲ್ಲ ಸರ್" ಎಂದಳು. ಕ್ಲಿಪ್ಪಿನ ಹಲ್ಲನ್ನು ಉಪ್ಪುಕಾಗದದಿಂದ ತಿಕ್ಕಿ, ಅದೇ ಪ್ರೋಗ್ರಾಂ ಮತ್ತೆ ಬರೆಸಿದಾಗ ಮೊದಲ ಹನಿಗೇ ಶಬ್ದ ಬಂತು. ಸರಿಯಾಗಿ ಯೋಚಿಸಿದ ಮಗು ತನ್ನ ಯೋಚನೆಯನ್ನೇ ಅನುಮಾನಿಸುವಂತೆ ಮಾಡಿದ ಆ ತುಕ್ಕನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮಕ್ಕಳು ಕೈಯಾರೆ ಪ್ರಯೋಗ ಮಾಡಲೆಂದು ಕೇಂದ್ರ ಸರ್ಕಾರ ಕೊಡುವ ಅಟಲ್ ಟಿಂಕರಿಂಗ್ ಲ್ಯಾಬ್ ಮಂಜೂರಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ನಮ್ಮದು ಹಳೆಯ ವಿದ್ಯಾರ್ಥಿಗಳು ಕೂಡಿಸಿ ಕೊಟ್ಟ ಹಣ, ಆದ್ದರಿಂದ ಪ್ರತಿ ವರ್ಷ ಹೊಸ ತಂತಿ ತರುವುದು ಆಗದ ಮಾತು. ಈಗ ಕ್ಲಿಪ್ ಬಿಟ್ಟು, ಪಿನ್ನಿನ ದೊಡ್ಡ ರಂಧ್ರಕ್ಕೆ ಹಿತ್ತಾಳೆಯ ಸಣ್ಣ ಬೋಲ್ಟ್ ಹಾಕಿ, ತಂತಿಯ ತುದಿ ಸುತ್ತಿ ನಟ್ ಬಿಗಿಯುತ್ತೇವೆ. ಒಂದು ಮಳೆಗಾಲ ಪೂರ್ತಿ ಅದು ಕೈಕೊಟ್ಟಿಲ್ಲ. ಪಾಠ ಮುಗಿದ ಮೇಲೆ ಸೆಲ್ ಬಿಚ್ಚಿ, ಬೋರ್ಡುಗಳನ್ನು ಹತ್ತಿಬಟ್ಟೆಯಲ್ಲಿ ಒರೆಸಿ, ಮನೆಯಿಂದ ತಂದ ಹಪ್ಪಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುತ್ತೇವೆ. ಶನಿವಾರ ಬಿಸಿಯೂಟದ ಅಡುಗೆ ಮುಗಿದ ಮೇಲೆ ಆ ಜೆಲ್ಲನ್ನು ಹಳೆಯ ಬಾಣಲೆಯೊಂದರಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ ತೇವ ತೆಗೆಯುವ ಕೆಲಸವನ್ನು ಅಡುಗೆಯ ಅಕ್ಕ ತಾವಾಗಿಯೇ ವಹಿಸಿಕೊಂಡಿದ್ದಾರೆ.

ಹೀಗೆ ನೋಡಿಕೊಳ್ಳತೊಡಗಿದ ಮೇಲೆ ಬೋರ್ಡಿನ ಗುಣಗಳು ನನಗೆ ನಿಚ್ಚಳವಾಗಿ ಕಂಡಿವೆ. 2020ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಸ್ಪೀಕರ್ ಇರುವುದರಿಂದ ಬೇರೆ ಬಜರ್ ಬೇಕಿಲ್ಲ. ಕರೆಂಟು ಹೋದರೂ ಒಮ್ಮೆ ತುಂಬಿದ ಪ್ರೋಗ್ರಾಂ ಉಳಿಯುತ್ತದೆ. ರಿಮೋಟಿಗೆ ಹಾಕುವಂಥ ಎರಡು ಸೆಲ್ ಕೂಡಿಸಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕಂಪ್ಯೂಟರಿನಿಂದ ಬೋರ್ಡಿಗೆ ಪ್ರೋಗ್ರಾಂ ಇಳಿಯುವಾಗ ಬೋರ್ಡಿನ ಹಿಂಬದಿಯಲ್ಲಿ ಮಿನುಗುವ ಹಳದಿ ದೀಪವನ್ನು ನಾಲ್ಕು ಮಕ್ಕಳು ತಲೆಗೆ ತಲೆ ತಾಗಿಸಿ ನೋಡುತ್ತಾರೆ. ಅದು ನಿಲ್ಲುವವರೆಗೆ ತರಗತಿಯಲ್ಲಿ ಯಾರೂ ಮಾತಾಡುವುದಿಲ್ಲ.

ಕೊಳ್ಳುವವರಿಗೆ ಹೇಳುವುದಿಷ್ಟೆ: ಮಲೆನಾಡಿನ ಶಾಲೆಯಾದರೆ ಬೋರ್ಡನ್ನಷ್ಟೇ ಕೊಳ್ಳಿ, ಸೆಟ್ಟಿನ ತಂತಿಗೆ ಹಣ ಹಾಕಬೇಡಿ. ಪರದೆಯಲ್ಲಿ ನಡೆಯುವ ಪ್ರೋಗ್ರಾಂ ಕೈಯಲ್ಲಿ ನಡೆಯದಿದ್ದರೆ ಮಗುವಿನ ಬ್ಲಾಕುಗಳನ್ನು ಮುಟ್ಟುವ ಮೊದಲು ತಂತಿ ನೋಡಿ. ಆ ಹುಡುಗಿ ದೀಪಾವಳಿ ರಜೆಗೆ ತನ್ನ ಸಾಧನವನ್ನು ಮನೆಗೆ ಒಯ್ದಿದ್ದಳು. ರಜೆ ಮುಗಿಸಿ ತಂದಾಗ ಮುಚ್ಚಳದ ಅಂಚಿಗೆ ಅಡಿಕೆ ಚೊಗರಿನ ಕೆಂಪು ಕಲೆ ಹತ್ತಿತ್ತು, ಸೆಲ್ ಖಾಲಿಯಾಗಿದ್ದವು.