ಕಾಶಿಮಾನಾ, ಉರಾವಾನಾ? ಜಪಾನಿನ ಫುಟ್‌ಬಾಲ್ ಲೀಗ್ ಆದ ಜೆ ಲೀಗ್‌ನಲ್ಲಿ ಯಾರ ಕಡೆ ನಿಲ್ಲೋದು

ಕಪ್ ಗೆಲ್ಲುವ ತಂಡವೇ ಬೇಕು ಅಂದರೆ ಜಾಸ್ತಿ ಯೋಚಿಸಬೇಡಿ, ಕಾಶಿಮಾ ಆಂಟ್ಲರ್ಸ್ ಹಿಡಿಯಿರಿ. 2016ರ ಹೊತ್ತಿಗೇ 8 ಲೀಗ್ ಪ್ರಶಸ್ತಿ. ಅದರಲ್ಲಿ 2007ರಿಂದ 2009ರವರೆಗೆ ಸತತ ಮೂರು. ಉರಾವಾ ರೆಡ್ಸ್ ಜೆ ಲೀಗ್ ಗೆದ್ದಿದ್ದು ಒಂದೇ ಸಲ, 2006ರಲ್ಲಿ.

ಏಷ್ಯಾ ಮಟ್ಟದಲ್ಲಿ ಮಾತ್ರ ಲೆಕ್ಕ ಉಲ್ಟಾ. ಚಾಂಪಿಯನ್ಸ್ ಲೀಗ್ ಉರಾವಾಗೆ ಮೂರು ಸಲ ಸಿಕ್ಕಿದೆ, ಕಾಶಿಮಾಗೆ 2018ರಲ್ಲಿ ಒಮ್ಮೆ.

ಕಾಶಿಮಾ ಮೂಲತಃ ಸುಮಿಟೊಮೊ ಉಕ್ಕಿನ ಕಂಪನಿಯ ತಂಡ. ಊರು ಚಿಕ್ಕದು. ಅಲ್ಲಿಗೆ ಬ್ರೆಜಿಲ್‌ನ ಖ್ಯಾತ ಆಟಗಾರ ಜೀಕೊ ಬಂದರು. 1993ರ ಮೊದಲ ಲೀಗ್ ಪಂದ್ಯದಲ್ಲೇ ಹ್ಯಾಟ್ರಿಕ್ ಹೊಡೆದು ನಗೋಯಾ ತಂಡವನ್ನು 5-0ಯಿಂದ ಮಣಿಸಿದರು. ಅಲ್ಲಿಂದ ಈ ತಂಡ ಕೆಳಗಿನ ದರ್ಜೆಗೆ ಇಳಿದೇ ಇಲ್ಲ. 2016ರ ಕ್ಲಬ್ ವಿಶ್ವಕಪ್ ಫೈನಲ್‌ನಲ್ಲಿ ತನ್ನ ಆಟಗಾರ ಶಿಬಾಸಾಕಿಯ ಎರಡು ಗೋಲಿನಿಂದ ರಿಯಲ್ ಮ್ಯಾಡ್ರಿಡ್‌ಗೂ ಬೆವರಿಳಿಸಿತ್ತು. ಸೋತಿದ್ದು ಹೆಚ್ಚುವರಿ ಸಮಯದಲ್ಲಿ.

ಉರಾವಾದ ಕಥೆಯೇ ಬೇರೆ. 1999ರ ಕೊನೆಯ ಪಂದ್ಯದಲ್ಲಿ 90 ನಿಮಿಷದೊಳಗೆ ಗೆದ್ದಿದ್ದರೆ ಬಚಾವಾಗುತ್ತಿತ್ತು. ಉರಾವಾದ ಫುಕುಡಾ ಗೋಲು ಹೊಡೆದರು ನಿಜ, ಆದರೆ ಹೆಚ್ಚುವರಿ ಸಮಯದಲ್ಲಿ; ಆ ಗೆಲುವಿಗೆ ಆಗ ಅಂಕ ಕಮ್ಮಿ. ಪಂದ್ಯ ಗೆದ್ದೂ ಎರಡನೇ ದರ್ಜೆಗೆ! ಹೊಟ್ಟೆ ಉರಿಯಲ್ವಾ?

ಅಭಿಮಾನಿಗಳ ಗದ್ದಲಕ್ಕೆ ಉರಾವಾವೇ ಸೈ. ಅದರ ತವರು ಮೈದಾನ ಸೈತಾಮಾ ಸ್ಟೇಡಿಯಂನಲ್ಲಿ 60,000ಕ್ಕೂ ಹೆಚ್ಚು ಸೀಟು. ಆ ಹುಚ್ಚಿಗೆ ಕೊಳಕು ಮುಖವೂ ಇದೆ: ‘ಜಪಾನೀಯರಿಗೆ ಮಾತ್ರ’ ಎಂಬ ಬ್ಯಾನರ್ ಕಟ್ಟಿದ್ದಕ್ಕೆ 2014ರಲ್ಲಿ ಖಾಲಿ ಮೈದಾನದಲ್ಲಿ ಆಡಬೇಕಾಯಿತು.

ಟೋಕಿಯೊದಿಂದ ಉರಾವಾಗೆ ಹೋಗೋದು ಸುಲಭ, ಕಾಶಿಮಾ ದೂರ. ಆದರೂ ನನ್ನ ಓಟು ಕಾಶಿಮಾಗೇ.