ಕಡತ ತೆರೆಯಿತು, ಕಂಠ ಕೇಳಿಸಲಿಲ್ಲ: ತ್ಯಾಗರಾಜ ಭಾಗವತರ ಕುರಿತ ಒಂದು ಸಂವಾದ

ಚೆನ್ನೈನ ಮೈಲಾಪುರದ ಸಣ್ಣ ಸಭಾಂಗಣವೊಂದರಲ್ಲಿ ಕಳೆದ ಭಾನುವಾರ ಸಂಜೆ, ತಮಿಳು ಚಿತ್ರರಂಗದ ಮೊದಲ ಸೂಪರ್‌ಸ್ಟಾರ್ ಎನಿಸಿಕೊಂಡ ಎಂ. ಕೆ. ತ್ಯಾಗರಾಜ ಭಾಗವತರ ಜೀವನಚರಿತ್ರೆಯನ್ನು ಬರೆದವರೊಡನೆ ಸಂವಾದ ಏರ್ಪಾಡಾಗಿತ್ತು. ಪ್ರವೇಶ ಉಚಿತ. ಆರಂಭ ಅರ್ಧ ಗಂಟೆ ತಡವಾಯಿತು. ಕುರ್ಚಿಗಳು ಸಾಲದೆ ಹಲವರು ಗೋಡೆಗೊರಗಿ ನಿಂತೇ ಕೇಳಿದರು. ಈ ಊರಿನಲ್ಲಿ ನೆಲೆಸಿರುವ ಕನ್ನಡಿಗನಾದ ನನಗೆ ಭಾಗವತರು ಎರಡು ದಾರಿಯಿಂದ ಪರಿಚಿತರು: ಅವರ ಹಾಡುಗಳಿಂದ ಮತ್ತು ಲಕ್ಷ್ಮೀಕಾಂತನ್ ಕೊಲೆ ಮೊಕದ್ದಮೆಯಿಂದ. ಸಂವಾದವು ಎರಡನೆಯದಕ್ಕೆ ಪೂರ್ಣ ನ್ಯಾಯ ಒದಗಿಸಿ, ಮೊದಲನೆಯದನ್ನು ಮರೆತೇಬಿಟ್ಟಿತು.

ಲೇಖಕರ ದೊಡ್ಡ ಗುಣ ಸಂಯಮ. ಲಕ್ಷ್ಮೀಕಾಂತನ್ ತನ್ನ ‘ಸಿನಿಮಾ ತೂದು’ ಪತ್ರಿಕೆಯಲ್ಲಿ ನಟನಟಿಯರ ಖಾಸಗಿ ಬದುಕನ್ನು ಬೀದಿಗೆಳೆಯುತ್ತಿದ್ದದ್ದು, ಭಾಗವತರು, ಹಾಸ್ಯನಟ ಎನ್. ಎಸ್. ಕೃಷ್ಣನ್ ಹಾಗೂ ನಿರ್ದೇಶಕ ಶ್ರೀರಾಮುಲು ನಾಯ್ಡು ಗವರ್ನರರಿಗೆ ಮನವಿ ಸಲ್ಲಿಸಿದ ಮೇಲೆ ಅದರ ಪರವಾನಗಿ ರದ್ದಾದದ್ದು, ಆತ ‘ಹಿಂದೂ ನೇಸನ್’ ಎಂಬ ಮತ್ತೊಂದು ಪತ್ರಿಕೆಯಲ್ಲಿ ಅದೇ ಕಸುಬನ್ನು ಮುಂದುವರಿಸಿದ್ದು, 1944ರ ನವೆಂಬರ್ 8ರಂದು ವೇಪೇರಿಯಲ್ಲಿ ಇರಿತಕ್ಕೊಳಗಾಗಿ ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡದ್ದು, ಇವಿಷ್ಟನ್ನೂ ಅವರು ಪತ್ತೇದಾರಿ ಕಥೆಯ ಧಾಟಿಗೆ ಇಳಿಯದೆ ವಿವರಿಸಿದರು. ಕೊಲೆಯ ಸಂಚಿನ ಆರೋಪ ಹೊತ್ತ ಈ ಮೂವರ ವಿಚಾರಣೆಯಲ್ಲಿ ನಾಯ್ಡು ಬಿಡುಗಡೆಯಾದರೂ ಭಾಗವತರಿಗೂ ಕೃಷ್ಣನ್ ಅವರಿಗೂ 1945ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆಗಿನ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮೊಕದ್ದಮೆಯನ್ನು ಮರುಪರಿಶೀಲನೆಗೆ ಕಳುಹಿಸಿದ ಮೇಲೆ, 1947ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟು ಸಾಕ್ಷ್ಯ ನಂಬಲರ್ಹವಲ್ಲವೆಂದು ಇಬ್ಬರನ್ನೂ ಖುಲಾಸೆ ಮಾಡಿತು. ಹಾಗಾದರೆ ಕೊಂದವರು ಯಾರೆಂದು ಸಭಿಕರೊಬ್ಬರು ಮೂರು ಸಲ ಕೇಳಿದರೂ, ಆ ಪ್ರಶ್ನೆಗೆ ಈವರೆಗೆ ಉತ್ತರ ಸಿಕ್ಕಿಲ್ಲ ಎಂದಷ್ಟೇ ಹೇಳಿ ಲೇಖಕರು ಸುಮ್ಮನಾದರು. ವದಂತಿಗೆ ಬಲಿಯಾದ ಮನುಷ್ಯನ ಚರಿತ್ರೆ ಬರೆಯುವವರಿಗೆ ಇಷ್ಟು ಬಿಗಿ ಇರಲೇಬೇಕು.

ಸಂಜೆಯ ಸತ್ವವೆಲ್ಲ ಇದ್ದದ್ದು ಬಿಡುಗಡೆಯ ನಂತರದ ಕಾಲದ ಚರ್ಚೆಯಲ್ಲಿ. ಜೈಲುವಾಸವೇ ಭಾಗವತರನ್ನು ಮುಗಿಸಿತು ಎಂಬುದು ರೂಢಿಯ ಮಾತು. ಆದರೆ ಅದೇ ಜೈಲಿನಿಂದ ಹೊರಬಂದ ಕೃಷ್ಣನ್ ಮತ್ತೆ ಜನಪ್ರಿಯರಾದರಲ್ಲ ಎಂದು ಹಿರಿಯ ಮಹಿಳೆಯೊಬ್ಬರು ಕೇಳಿದರು. ಪುರಾಣ ಮತ್ತು ಭಕ್ತಿಯ ಕಥೆಗಳಲ್ಲಿ ಸಾಲುಸಾಲು ಹಾಡುಗಳಿರುತ್ತಿದ್ದ ಕಾಲ ಅಷ್ಟರಲ್ಲಿ ಮುಗಿಯುತ್ತ ಬಂದು, ‘ಪರಾಶಕ್ತಿ’ ತೆರೆಗೆ ಬಂದ 1952ರ ವೇಳೆಗೆ ಪ್ರೇಕ್ಷಕರು ಉದ್ದುದ್ದ ಸಂಭಾಷಣೆಗೆ ಚಪ್ಪಾಳೆ ತಟ್ಟತೊಡಗಿದ್ದರು. ಹಾಸ್ಯಗಾರ ಆ ಬದಲಾವಣೆಗೆ ಒಗ್ಗಿಕೊಂಡ, ಗಾಯಕನಟನಿಗೆ ಅದು ಸಾಧ್ಯವಾಗಲಿಲ್ಲ ಎಂಬ ಲೇಖಕರ ಉತ್ತರ ನನಗೆ ಒಪ್ಪಿಗೆಯಾಯಿತು. 1948ರ ‘ರಾಜಮುಕ್ತಿ’ಯಿಂದ ಮೊದಲಾಗಿ ಭಾಗವತರ ಮರುಪ್ರಯತ್ನಗಳು ಸೋತವು, 1959ರ ನವೆಂಬರ್ 1ರಂದು ತೀರಿಕೊಂಡಾಗ ಭಾಗವತರಿಗೆ ಇನ್ನೂ 49 ವರ್ಷ.

ಇಷ್ಟೆಲ್ಲ ಹೇಳಿದ ಮೇಲೂ ಒಂದೇ ಒಂದು ಹಾಡನ್ನು ಕೇಳಿಸಲಿಲ್ಲ. ಬಂಧನದ ಹೊತ್ತಿಗೆ ಭಾಗವತರ ‘ಹರಿದಾಸ್’ ಚಿತ್ರ ಮದ್ರಾಸಿನ ಬ್ರಾಡ್‌ವೇ ಚಿತ್ರಮಂದಿರದಲ್ಲಿ ಓಡುತ್ತಿತ್ತು. ನಾಯಕ ಜೈಲಿನಲ್ಲಿದ್ದಾಗಲೂ ಓಡುತ್ತಲೇ ಇದ್ದು ಮೂರು ದೀಪಾವಳಿಗಳನ್ನು ಕಂಡಿತು. ನಮಗೆ ಭಕ್ತ ಪುಂಡಲೀಕನ ಕಥೆಯೆಂದು ಗೊತ್ತಿರುವುದನ್ನೇ ಹೇಳುವ ಆ ಚಿತ್ರಕ್ಕೆ ಜನ ಮತ್ತೆ ಮತ್ತೆ ಬಂದದ್ದು ಏಕೆಂಬುದು, ಗೀತರಚನಕಾರ ಪಾಪನಾಶಂ ಶಿವನ್ ಅವರ ರಚನೆಯನ್ನು ಚಾರುಕೇಶಿ ರಾಗದಲ್ಲಿ ಏರುಶ್ರುತಿಗೆ ಎತ್ತುವ ಆ ಕಂಠವನ್ನು ಎರಡು ನಿಮಿಷ ಕೇಳಿದರೆ ತಿಳಿಯುತ್ತದೆ. ಕೇಳದವರಿಗೆ ಎಷ್ಟು ವಿವರಿಸಿದರೂ ತಿಳಿಯದು. ವೇದಿಕೆಯ ಮೇಲೆ ಪರದೆಯೂ ಸ್ಪೀಕರ್‌ಗಳೂ ಸಿದ್ಧವಾಗಿದ್ದವು. ಅವುಗಳಲ್ಲಿ ತೋರಿಸಿದ್ದು ಪ್ರಾಯೋಜಕರ ಜಾಹೀರಾತನ್ನು ಮಾತ್ರ! ನಿರೂಪಕರ ಪ್ರಶ್ನೆಗಳೂ ಮೊಕದ್ದಮೆಯ ಸುತ್ತಲೇ ಗಿರಕಿ ಹೊಡೆದವು.

ಕನ್ನಡಿಗನಾಗಿ ನನಗೊಂದು ಸಣ್ಣ ತಕರಾರೂ ಇದೆ. ಭಾಗವತರು ಸೆರೆಮನೆಗೆ ಹೋದ ಮೇಲೆ, ಅವರು ನಟಿಸಬೇಕಿದ್ದ ‘ಶ್ರೀ ಮುರುಗನ್’ ಚಿತ್ರದ ನಾಯಕಪಾತ್ರ ನಮ್ಮ ಕನ್ನಡದ ಗಾಯಕನಟ ಹೊನ್ನಪ್ಪ ಭಾಗವತರ ಪಾಲಿಗೆ ಬಂತು. ಮುಂದೆ 1955ರಲ್ಲಿ ‘ಮಹಾಕವಿ ಕಾಳಿದಾಸ’ ಚಿತ್ರವನ್ನು ಕೊಟ್ಟವರು ಇವರೇ. ಮೊಕದ್ದಮೆಯಿಂದ ಪಾರಾದ ಶ್ರೀರಾಮುಲು ನಾಯ್ಡು ಅವರೂ ಕನ್ನಡದಲ್ಲಿ ‘ಬೆಟ್ಟದ ಕಳ್ಳ’ ಮಾಡಿ, ಆಮೇಲೆ ಬೆಂಗಳೂರಿನಲ್ಲಿ ಚಾಮುಂಡೇಶ್ವರಿ ಸ್ಟುಡಿಯೊ ಕಟ್ಟಿದರು. ಒಬ್ಬ ತಾರೆಯ ಪತನದಿಂದ ಯಾರ ಯಾರ ದಾರಿ ಎತ್ತ ತಿರುಗಿತು ಎಂಬ ಈ ಎಳೆಯನ್ನು ಸಂವಾದದಲ್ಲಿ ಯಾರೂ ಮುಟ್ಟಲಿಲ್ಲ. ಸಹಿ ಹಾಕಿಸಿಕೊಳ್ಳುವಾಗ ಹೊನ್ನಪ್ಪನವರ ವಿಷಯ ಎತ್ತಿದೆ. ಲೇಖಕರು ಬೇಸರಿಸಿಕೊಳ್ಳದೆ, ಅದು ಪುಸ್ತಕದಲ್ಲಿ ಒಂದು ಸಾಲಿನಲ್ಲಷ್ಟೇ ಬಂದಿದೆ ಎಂದು ಒಪ್ಪಿಕೊಂಡರು.

ಪುಸ್ತಕವನ್ನು ಕೊಂಡದ್ದು ಮೊಕದ್ದಮೆಯ ಅಧ್ಯಾಯಗಳಿಗಾಗಿ. ಆ ಮಟ್ಟಿಗೆ ಹಣಕ್ಕೆ ಮೋಸವಿಲ್ಲ. ಮನೆಗೆ ಬಂದು ತೆರೆದರೆ ಕೊನೆಯ ಪುಟಗಳಲ್ಲಿ ಭಾಗವತರ ಹಾಡುಗಳ ಪಟ್ಟಿ, ರಾಗಗಳ ಹೆಸರಿನ ಸಮೇತ ಇತ್ತು. ಸಭೆಯಲ್ಲಿ ಅದನ್ನಾದರೂ ಓದಿಹೇಳಬಹುದಿತ್ತು.